ಕಾಲಿಡಬಾರದ ಹನ್ನೆರಡು ದಿನ

ಹೊಸನೀರಿನ ಇನ್ನೂರ ಹದಿನಾಲ್ಕನೆಯ ವರ್ಷ, ಹದಿಮೂರನೆಯ ತಿಂಗಳು, ಬಿತ್ತನೆಯಾಗಿ ಎಂಟನೆಯ ಬೆಳಗು.

ನಮ್ಮನ್ನು ಎಂದೂ ಕಾಣಲಾರದ ಹಿರಿಯರಿಗೆ, ನಿಮ್ಮ ಮರಿಮಕ್ಕಳ ಮರಿಮಗಳು, ಈ ಊರಿನ ಬಿತ್ತುಗಾತಿ ಹಾಲವ್ವ ಬರೆಯುವುದು. ಬಿತ್ತುಗಾತಿ ಎಂದರೆ ಬಿತ್ತನೆಯ ದಿನವನ್ನೂ ಹೊಲದ ಕಾಯ್ದೆಯನ್ನೂ ನೋಡಿಕೊಳ್ಳುವವಳು. ನನ್ನ ಮಾತು ನಿಮ್ಮ ಕಿವಿಗೆ ವಿಚಿತ್ರವಾಗಿ ಕೇಳಿಸಿದರೆ ಮನ್ನಿಸಬೇಕು. ತಿದ್ದಿ ಬರೆಯಲು ಹೊತ್ತಿಲ್ಲ, ಹೊರಡುವ ಆತುರದಲ್ಲಿದ್ದೇನೆ.

ನಮ್ಮದು ನೀವು ಗಣಿ ತೋಡಿ ಬಿಟ್ಟುಹೋದ ನೆಲ. ಅದರ ವಿಷ ಹೋಗಬೇಕಾದರೆ ಮೂರು ಸಲ ಸೆಣಬು ಬೆಳೆದು, ಬೇರುಸಹಿತ ಕಿತ್ತು, ದೂರದ ಗುಂಡಿಗೆ ಸಾಗಿಸಬೇಕು. ಇದಕ್ಕೆ ನೆಲತೊಳೆ ಎನ್ನುತ್ತೇವೆ. ಎರಡು ಬೆಳೆ ಮುಗಿದಿವೆ, ಇದು ಮೂರನೆಯದು. ಇದು ಎದ್ದರೆ ಮುಂದಿನ ಹಂಗಾಮಿಗೆ ಜೋಳ ಬಿತ್ತುತ್ತೇವೆ, ನಮ್ಮ ಮಕ್ಕಳು ತಮ್ಮ ಹೊಲದ ರೊಟ್ಟಿ ತಿನ್ನುತ್ತಾರೆ. ಏಳದಿದ್ದರೆ ಊರೇ ಗುಳೆ ಹೋಗಬೇಕು, ಏಕೆಂದರೆ ಹೊರಗಿನಿಂದ ಕಾಳು ಬರುವುದು ಈ ವರ್ಷದವರೆಗೆ ಮಾತ್ರ. ಸೆಣಬಿನ ಬೀಜ ಬಹಳ ದಿನ ಇಟ್ಟರೆ ಸತ್ತುಹೋಗುತ್ತದೆ. ಹಾಗಾಗಿ ಇದ್ದದ್ದನ್ನೆಲ್ಲ ಬಿತ್ತಿಬಿಟ್ಟಿದ್ದೇವೆ.

ಮಣ್ಣನ್ನು ರವೆಯಂತೆ ಪುಡಿ ಮಾಡಿದೆವು. ಅಂಗೈ ಒತ್ತಿ ನೆಲ ಬೆಚ್ಚಗಿದೆಯೇ ನೋಡಿದೆವು. ಕೂರಿಗೆಯನ್ನು ಬೆರಳಿನ ಒಂದು ಗೆಣ್ಣಿಗಿಂತ ಆಳ ಇಳಿಸಲಿಲ್ಲ. ಕಳೆಗೆ ಜಾಗ ಸಿಗದಂತೆ ಒತ್ತೊತ್ತಾಗಿ ಬಿತ್ತಿದೆವು. ಆಮೇಲೆ ಕಾಲ್ತಡೆ. ನಿಮ್ಮ ಕಾಲದ ಒಂದು ಹಾಳೆಯಲ್ಲಿ ಬರೆದಿದೆ: ಬಿತ್ತಿದ ಮೇಲೆ ಹನ್ನೆರಡು ದಿನ ಹೊಲಕ್ಕೆ ಯಾರೂ ಕಾಲಿಡಬಾರದು. ಮುರಿದವರು ಊರು ಬಿಡಬೇಕು ಎಂಬುದನ್ನು ನಾವು ಸೇರಿಸಿಕೊಂಡೆವು.

ಮೂರನೆಯ ದಿನ ಬಿರುಮಳೆ ಹೊಡೆಯಿತು. ಬೆನ್ನಿಗೇ ಸುಡುಬಿಸಿಲು. ಮೇಲ್ಮಣ್ಣು ಒಣಗಿ ಹಪ್ಪಳದಂತೆ ಗಟ್ಟಿಯಾಯಿತು. ನೀರು ಹಾಯಿಸಿ ನೆನೆಸೋಣವೆಂದರೆ ಕಾಲುವೆಯಲ್ಲಿ ನಮ್ಮ ಸರದಿ ಇನ್ನೂ ಹತ್ತು ದಿನ ದೂರವಿತ್ತು. ಐದನೆಯ ದಿನ ನನ್ನ ಚಿಗವ್ವ ಫಕೀರವ್ವ ಆ ಗಟ್ಟಿ ಪದರ ಕೆದರಿ ಒಡೆಯಲು ಜಾಲಿಯ ಕೊಂಬೆ ಹಿಡಿದು ಹೊಲಕ್ಕಿಳಿದಳು. ಅವಳು ನನ್ನ ಅವ್ವನ ತಂಗಿ, ಅವ್ವ ಸತ್ತ ಮೇಲೆ ನನ್ನನ್ನು ಸಾಕಿದವಳು. ಬದುವಿನ ಮೇಲೆ ನಿಂತಿದ್ದ ನನಗೆ ಎಲ್ಲರೆದುರೇ ಅಂದಳು: "ಒಳಗ ಮೊಳಕಿ ಉಸಿರು ಕಟ್ಟಾಕ ಹತ್ತೇತಿ, ನೀ ಕಾಯ್ದೆ ಓದಕೋಂತ ನಿಂತೀಯಲ್ಲ. ನಿನ್ನ ಮಾರಿಗೆ ಹೆದರಿ ಅವು ಹೊರಗ ಬರ್ತಾವೇನು?" ಎರಡು ಪಟ್ಟಿ ಎಳೆಯುವಷ್ಟರಲ್ಲಿ ಅವಳನ್ನು ಹಿಡಿದು ತಂದರು. ತನ್ನವಳೆಂದು ಬಿಟ್ಟಳು ಎಂದು ಜನ ಆಡಿಕೊಂಡಾರೆಂಬ ಭಯಕ್ಕೆ ಅಂದೇ ಊರು ಬಿಡಿಸಿದೆ. ಮುದುಕಿ ತಿರುಗಿಯೂ ನೋಡಲಿಲ್ಲ.

ಇವತ್ತು ಅವಳು ಎಳೆದ ಎರಡು ಪಟ್ಟಿ ಹಸಿರಾಗಿವೆ. ಉಳಿದ ಹೊಲವೆಲ್ಲ ಬೋಳು. ಒಂದು ಹೆಂಟೆ ಎತ್ತಿ ನೋಡಿದೆ: ಬಿಳಿ ಮೊಳಕೆಗಳು ಕತ್ತು ಮಡಚಿಕೊಂಡು ಇನ್ನೂ ಜೀವ ಹಿಡಿದಿವೆ. ಕಾಲ್ತಡೆ ಮುರಿದು ಒಂದು ಮೂಲೆಯಲ್ಲಿ ನಾನೇ ಕೊಂಬೆ ಎಳೆದೆ, ಅಲ್ಲಿನ ಕತ್ತುಗಳೆಲ್ಲ ಮುರಿದವು. ಎಷ್ಟು ಭಾರ ಹಾಕಬೇಕು, ಯಾವ ಹೊತ್ತಿನಲ್ಲಿ ಎಳೆಯಬೇಕು, ಅವಳೊಬ್ಬಳಿಗೇ ಗೊತ್ತು. ಉಳಿದ ಮೊಳಕೆಗಳು ಹೆಚ್ಚೆಂದರೆ ಇನ್ನೆರಡು ದಿನ ತಾಳಿಯಾವು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುವ ಹಾಗಾಯಿತು ನನ್ನ ಬಾಳು. ನಾಚಿಕೆಯಾಗುತ್ತಿದೆ.

ನಿಮ್ಮ ಹಾಳೆಯನ್ನು ನಸುಕಿನಿಂದ ನಾಲ್ಕು ಸಲ ಓದಿದೆ. ಏಕೆ ಕಾಲಿಡಬಾರದು, ಯಾವಾಗ ಇಡಲೇಬೇಕು ಎಂಬುದು ಎಲ್ಲಿಯೂ ಇಲ್ಲ. ನಿಮಗೆ ಗೊತ್ತಿದ್ದ ಸಂಗತಿಯಾದ್ದರಿಂದ ಬರೆದಿರಲಿಕ್ಕಿಲ್ಲ. ಕೈಮುಗಿದು ಕೇಳುತ್ತೇನೆ, ಆ ಹಾಳೆ ಬರೆಯುವವರು ನಿಮ್ಮ ನಡುವೆ ಇದ್ದರೆ, ಕಾರಣಕ್ಕೂ ಒಂದು ಸಾಲು ಕೊಡಿ.

ಚಿಗವ್ವ ಈಗ ಇರುವ ಊರು ಒಂದು ಹಗಲಿನ ದಾರಿ. ಈಗ ಹೊರಟರೂ, ಅವಳು ಒಪ್ಪಿದರೂ, ಹಿಂದಿರುಗುವುದು ನಾಳೆ ಸಂಜೆಗೆ. ಜನ ಬದುವಿನ ಮೇಲೆ ಸಾಲಾಗಿ ನಿಂತಿದ್ದಾರೆ, ಯಾರೂ ನನ್ನ ಮುಖ ನೋಡುತ್ತಿಲ್ಲ. ಅವಳ ಬಾಗಿಲಲ್ಲಿ ಏನು ಹೇಳಬೇಕೋ ತಿಳಿಯದು. ಬೈಯಲಿ, ನಾಲ್ಕು ಬಾರಿಸಲಿ, ನನ್ನ ಜೊತೆ ಬಂದರೆ ಸಾಕು.