ರಂಜಿಯ ಎಡಗಾಲು

3 ಫೆಬ್ರವರಿ 2025, ಸೋಮವಾರ

ಬೆಳಗಿನ ಹಾಲು ಮುಗಿಯುವಾಗ ಎಂಟು ದಾಟಿತ್ತು. ಡೈರಿಯಲ್ಲಿ ನಾನು ಹಾಲು ಪರೀಕ್ಷಿಸುವ ಫ್ಯಾಟ್ ಮಿಷನ್ ಇವತ್ತೂ ಎರಡು ಸಲ ಕೈಕೊಟ್ಟಿತು. ಸಾಲಿನಲ್ಲಿದ್ದವರೆಲ್ಲ ನನ್ನ ಮುಖ ನೋಡಿದರು — ಕೆಡಿಸಿದವಳು ನಾನೇ ಎಂಬ ಹಾಗೆ. ಕ್ಯಾನು ತೊಳೆಯುತ್ತಿದ್ದಾಗ ಫೋನು. ಗೊತ್ತಿಲ್ಲದ ನಂಬರು.

"ಅತ್ಗೆ, ನಾನು. ಗಾಬ್ರಿ ಆಗ್ಬ್ಯಾಡ."

ರಂಜಿತ. ನನ್ನ ನಾದಿನಿ. ಮಿಲಿಟರಿ ಟ್ರೈನಿಂಗಿಗೆ ಸೇರಿ ಮೂರು ತಿಂಗಳು. ಅಲ್ಲಿಂದ ಭಾನುವಾರ ಮಾತ್ರ ಫೋನು ಬರುತ್ತದೆ. ಸೋಮವಾರ ಅಂದರೆ ಗಾಬರಿ ಆಗದೆ ಇನ್ನೇನು.

ಎಡಗಾಲು. ಮೊಣಕಾಲಿನ ಕೆಳಗಿನ ಮೂಳೆಯಲ್ಲಿ ಬಿರುಕು. ಬಿದ್ದದ್ದೇನಲ್ಲ, ಬೂಟು ಹಾಕಿ ಓಡಿ ಓಡಿ, ಡ್ರಿಲ್ಲಿನಲ್ಲಿ ಕಾಲು ಬಡಿದು ಬಡಿದು ಹೀಗಾಗುತ್ತದಂತೆ. ಹತ್ತು ದಿನ ಯಾರಿಗೂ ಹೇಳದೆ ನೋವಿನ ಮೇಲೇ ಓಡಿದ್ದಾಳೆ. ಆರು ವಾರ ರಜೆ ಕೊಟ್ಟಿದ್ದಾರೆ. ಆಮೇಲೆ ಮಿಲಿಟರಿ ಆಸ್ಪತ್ರೆಯಲ್ಲಿ ಮತ್ತೆ ನೋಡುತ್ತಾರೆ. ಕೂಡಿದ್ದರೆ ಟ್ರೈನಿಂಗಿಗೆ ವಾಪಸ್. ಇಲ್ಲವಾದರೆ ಮನೆಗೆ.

"ಅಣ್ಣಂಗೆ ಏನಂತ ಹೇಳಾದು ಅತ್ಗೆ?"

ನಾನೇ ಹೇಳುತ್ತೇನೆ ಅಂದೆ. ಇವರಿಗೆ ತಂಗಿ ಮಿಲಿಟರಿಗೆ ಹೋಗುವುದು ಸುತರಾಂ ಇಷ್ಟವಿರಲಿಲ್ಲ. ನಾಗಮಂಗಲದ ಕಡೆ ಗಂಡು ನೋಡಿಟ್ಟಿದ್ದರು. ಮೇಲುಕೋಟೆಯಲ್ಲಿ ಹರಕೆ ಇದೆ ಎಂದು ಸುಳ್ಳು ಹೇಳಿ ಅವಳನ್ನು ಬೆಂಗಳೂರಿನ ಮಿಲಿಟರಿ ಆಯ್ಕೆಯ ರ‍್ಯಾಲಿಗೆ ಕರೆದುಕೊಂಡು ಹೋದವಳು ನಾನು. ಅವಳು ಸೆಲೆಕ್ಟ್ ಆದಾಗಿನಿಂದ ಅಣ್ಣ ತಂಗಿ ಸರಿಯಾಗಿ ಮಾತಾಡಿಲ್ಲ. ಸಂಜೆ ಹೇಳಿದೆ. ಇವರು ತಟ್ಟೆಯಿಂದ ತಲೆ ಎತ್ತಲಿಲ್ಲ. "ಕರ್ಕೊಂಬಾ ಓಗು" ಅಂದರು, ಅಷ್ಟೇ.

6 ಫೆಬ್ರವರಿ, ಗುರುವಾರ

ಕರೆದುಕೊಂಡು ಬಂದೆ. ಮೈಯೆಲ್ಲ ನೋವು. ಆದರೂ ಬರೆಯಬೇಕು.

ಬೆಂಗಳೂರಿನ ಟ್ರೈನಿಂಗ್ ಸೆಂಟರಿನ ಗೇಟಿನ ಹತ್ತಿರ ಎರಡು ಊರುಗೋಲಿನ ಮೇಲೆ ನಿಂತಿದ್ದಳು. ತಲೆಗೂದಲು ಗಿಡ್ಡ, ಕೆನ್ನೆ ಒಳಕ್ಕೆ ಹೋಗಿದೆ, ಭುಜ ಮಾತ್ರ ಅಗಲವಾಗಿದೆ. ನನ್ನ ನೋಡಿ ಅಳಲಿಲ್ಲ. ನಾನೇ ಅತ್ತೆ. ಅವಳ ಉಸ್ತಾದ್, ಅಂದರೆ ತರಬೇತಿ ಕೊಡುವ ಹವಾಲ್ದಾರರು, ಗೇಟಿನ ತನಕ ಬ್ಯಾಗು ಹೊತ್ತು ತಂದಿದ್ದರು. ಹರಿಯಾಣದವರಂತೆ. ಹಿಂದಿಯಲ್ಲಿ ಏನೋ ಹೇಳಿದರು. ರಂಜಿ ಅರ್ಧ ಮಾತ್ರ ಕನ್ನಡಕ್ಕೆ ಹೇಳಿದಳು: "ಕಾಲೂರಬ್ಯಾಡ ಅಂತಾವ್ರೆ."

"ಇನ್ನರ್ಧ?"

"ಒಳ್ಳೆ ಹುಡ್ಗಿ, ಆದ್ರೆ ಮೊಂಡು, ನೋಡ್ಕಳ್ಳಿ ಅಂತ."

ಕೆ.ಆರ್. ಪೇಟೆ ಬಸ್ಸು ತುಂಬಿತ್ತು. ಕಂಡಕ್ಟರು ಮುಂದಿನ ಸೀಟಿನ ಇಬ್ಬರನ್ನು ಎಬ್ಬಿಸಿದರು. ಒಬ್ಬ ಅಜ್ಜಿ ತನ್ನ ಬಟ್ಟೆಗಂಟನ್ನೇ ಕಾಲಡಿ ಇಟ್ಟು, "ಮಡಿಕೊಳವ್ವ, ಒಳಗೆ ಮೆತ್ತಗಿರಾದೇ ಐತೆ" ಅಂದಳು. ನಾಲ್ಕು ಗಂಟೆ ಹಾಗೇ ಬಂದೆವು. ಅಜ್ಜಿ ಇಳಿದದ್ದು ಎಲ್ಲಿ ಎಂದೂ ನೋಡಲಿಲ್ಲ ನಾನು. ಹೆಸರು ಕೇಳಬೇಕಿತ್ತು.

7 ಫೆಬ್ರವರಿ

ಬೆಳಗ್ಗೆ ಎದ್ದ ಕೂಡಲೇ ತೊಂದರೆ ಶುರು. ನಮ್ಮದು ಕುಕ್ಕರಗಾಲಲ್ಲಿ ಕೂರುವ ಕಕ್ಕಸು. ಒಂದು ಕಾಲೂರದೆ ಹೇಗೆ ಕೂರುವುದು? ನಾನೂ ನಮ್ಮತ್ತೆ ದ್ಯಾವಮ್ಮನವರೂ ಆ ಕಡೆ ಈ ಕಡೆ ಹಿಡಿದುಕೊಂಡೆವು. ರಂಜಿ ಅವಮಾನದಿಂದ ಅತ್ತಳು. ಇವರು ಅಂಗಳದಲ್ಲಿ ಟ್ರಾಕ್ಟರಿನ ನಟ್ಟು ಬಿಗಿಯುತ್ತಿದ್ದರು. ಎಲ್ಲ ಕೇಳಿಸುತ್ತಿತ್ತು.

ಡೈರಿಯಿಂದ ಬಂದು ನೋಡುತ್ತೇನೆ — ಹೊಸ ಪ್ಲಾಸ್ಟಿಕ್ ಕುರ್ಚಿಯ ನಡುವೆ ಬಾಯಿ ಕೊರೆದು, ಅಂಚು ಚುಚ್ಚದಂತೆ ಹಳೇ ಟ್ಯೂಬು ಸುತ್ತಿ ಕಕ್ಕಸಿನಲ್ಲಿ ಇಟ್ಟಿದ್ದಾರೆ ಇವರು. ಹಿಡಿದುಕೊಳ್ಳಲು ಗೋಡೆಗೆ ಕಬ್ಬಿಣದ ಪೈಪು. ತಂಗಿಗೆ ಹೇಳಿಲ್ಲ, ನನಗೂ ಹೇಳಿಲ್ಲ. ಟ್ರಾಕ್ಟರು ತೆಗೆದುಕೊಂಡು ಮಾಕವಳ್ಳಿ ಸಕ್ಕರೆ ಫ್ಯಾಕ್ಟರಿಗೆ ಕಬ್ಬು ಹೊಡೆಯಲು ಹೋಗಿಬಿಟ್ಟಿದ್ದಾರೆ.

ಹನ್ನೊಂದು ವರ್ಷ ಸಂಸಾರ ಮಾಡಿದ್ದೇನೆ. ಈ ಮನುಷ್ಯನ ಮೇಲೆ ಇವತ್ತು ಬಂದಷ್ಟು ಪ್ರೀತಿ ಯಾವತ್ತೂ ಬಂದಿರಲಿಲ್ಲ.

11 ಫೆಬ್ರವರಿ, ಮಂಗಳವಾರ

ಕೆ.ಆರ್. ಪೇಟೆಯಲ್ಲಿ ಫಿಸಿಯೋ ಮಾಡುವ ಸ್ನೇಹ ಎಂಬ ಹುಡುಗಿ ಸಿಕ್ಕಿದಳು. ಪಾಂಡವಪುರದಿಂದ ವಾರಕ್ಕೆರಡು ದಿನ ಬರುತ್ತಾಳೆ. ರಂಜಿಗಿಂತ ಐದಾರು ವರ್ಷ ದೊಡ್ಡವಳು ಇರಬಹುದು. ಎಕ್ಸ್-ರೇ ಬೆಳಕಿಗೆ ಹಿಡಿದು ತೋರಿಸಿದಳು. ಕೂದಲೆಳೆಯಷ್ಟು ಗೆರೆ. ಇಷ್ಟಕ್ಕೇ ಇಷ್ಟೆಲ್ಲ...

ರಂಜಿ ಕೇಳಿದ್ದು ಒಂದೇ. "ಯಾವಾಗ ಓಡ್ಬೌದು?"

"ಮೊದ್ಲು ನಿಲ್ಲಾದು ಕಲಿ. ಮೂಳೆ ಅದ್ರ ಪಾಡಿಗೆ ಕೂಡ್ಕೋತದೆ, ನೀನು ಅಡ್ಡ ಬರ್ದಿದ್ರೆ ಸಾಕು."

ಕಾಲಿಗೆ ಭಾರ ಬೀಳದ ವ್ಯಾಯಾಮ ಹೇಳಿಕೊಟ್ಟಿದ್ದಾಳೆ. ಕೂತಲ್ಲೇ ತೊಡೆ ಬಿಗಿಯುವುದು, ಮಲಗಿ ಕಾಲೆತ್ತುವುದು. ದಿನಕ್ಕೆ ಮೂರು ಸಲ. ಲೆಕ್ಕ ಹಿಡಿಯುವವಳು ನಾನು.

20 ಫೆಬ್ರವರಿ

ಎರಡು ವಾರ ಆಯಿತು. ಮನೆಯಲ್ಲಿ ಒಂಥರಾ ಖುಷಿ ಇದೆ. ಹೀಗೆ ಬರೆಯಬಾರದೇನೋ, ಅವಳಿಗೆ ನೋವು, ನನಗೆ ಖುಷಿ.

ಅತ್ತೆ ದಿನ ಬಿಟ್ಟು ದಿನ ಕಾಲು ಸೂಪು ಮಾಡುತ್ತಾರೆ. ಮೊದಲು ಎಣ್ಣೆ ಹಚ್ಚಿ ಕಟ್ಟು ಹಾಕುವವನನ್ನು ಕರೆಸುತ್ತೇನೆ ಎಂದು ಹಟ ಹಿಡಿದಿದ್ದರು. ಸ್ನೇಹ ಫೋನಿನಲ್ಲೇ ಒಪ್ಪಿಸಿದಳು. ಈಗ ಅವಳದ್ದೇ ಜಪ. "ಆ ಡಾಕ್ಟ್ರವ್ವ ಯೋಳ್ದಂಗೆ ಮಾಡವ್ವ" ಅನ್ನುತ್ತಾರೆ.

ಊರಿನವರು ಸುಮ್ಮನಿಲ್ಲ. ಬೆಟ್ಟಮ್ಮ ಹಾಲು ಅಳೆಸುತ್ತಾ, "ತಡೀನಾರ್ದೆ ಓಡ್ಬಂದ್ಲಂತಲ್ಲ ನಿನ್ ನಾದ್ನಿ?" ಎಂದಳು. ನಾನು ಬಾಯಿ ತೆರೆಯುವ ಮೊದಲೇ ನಮ್ಮ ಡೈರಿ ಸೆಕ್ರೆಟರಿ ನರಸಯ್ಯನವರು ಅಂದರು: "ಓಡ್ಬರಕ್ಕೆ ಕಾಲ್ ಎಲ್ಲೈತೆ ಬೆಟ್ಟಮ್ಮ? ಮುರಿಯೋಗಂಟ ಓಡವ್ಳೆ ಅವ್ಳು." ಸಾಲೆಲ್ಲ ನಕ್ಕಿತು. ಸೋಮವಾರದಿಂದ ಸಂಜೆ ಪಾಳಿಯನ್ನೂ ಅವರೇ ನೋಡಿಕೊಳ್ಳುತ್ತಿದ್ದಾರೆ, ನಾನು ಮನೆಯಲ್ಲಿರಲಿ ಎಂದು. ಕೇಳಿರಲಿಲ್ಲ ನಾನು.

5 ಮಾರ್ಚ್

ರಂಜಿ ಜೊತೆಯವಳು ಒಬ್ಬಳು ಮೆಸೇಜು ಹಾಕಿದ್ದಾಳೆ. ಅವರ ಬ್ಯಾಚಿನವರೆಲ್ಲ ಓಟದ ಟೆಸ್ಟು ಪಾಸು. ಈಗ ಬಂದೂಕು ಕಲಿಸುತ್ತಿದ್ದಾರಂತೆ. ರಂಜಿ ಫೋನು ಬೋರಲು ಹಾಕಿ ಮಲಗಿದಳು. ಊಟ ಬೇಡ. ಒಂದು ಊರುಗೋಲು ಬಿಟ್ಟಾಗಿದೆ, ಕಾಲು ಊರಬಹುದು, ನೋವಿಲ್ಲ. ಇದೆಲ್ಲ ಹೇಳಿದೆ. ಹೊದಿಕೆ ತಲೆಯ ಮೇಲೆ ಎಳೆದುಕೊಂಡಳು.

9 ಮಾರ್ಚ್, ಭಾನುವಾರ

ಆರೂವರೆಗೆ ದಿನಾ ಹಾಲು ಹಾಕುವ ಚಿಕ್ಕಯ್ಯನವರು ಸೈಕಲ್ಲಿನಲ್ಲಿ ಬಂದರು. ಕ್ಯಾನು ಇಳಿಸುತ್ತಾ ಸಂತೋಷವಾಗಿಯೇ ಕೇಳಿದರು. "ನಿಮ್ ರಂಜಿತಂಗೆ ಕಾಲ್ ವಾಸಿ ಆಯ್ತಾ ಪ್ರಮೀಳವ್ವ? ಕೆರೆ ಏರಿ ಮ್ಯಾಲೆ ಓಡ್ತಾವ್ಳೆ, ಕುದ್ರೆ ಕುದ್ರೆ ಇದ್ದಂಗೆ!"

ಮಿಷನ್ ಹಾಗೇ ಬಿಟ್ಟು ಓಡಿದೆ. ಏರಿಯ ಮೇಲೆ ಕಲ್ಲಿನ ಮೇಲೆ ಕೂತಿದ್ದಳು. ಎಡಗಾಲು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ನಾಲ್ಕು ದಿನದಿಂದ ಹೀಗೇ ನಡೆದಿದೆ — ನಾನು ಡೈರಿಗೆ ಹೋದ ಕೂಡಲೇ.

"ಇನ್ನು ಹನ್ನೊಂದು ದಿನ ಅತ್ಗೆ! ಓಡಕ್ಕಾಗ್ದಿದ್ರೆ ಮನೆಗ್ ಕಳಿಸ್ಬುಡ್ತಾರೆ. ಆಮೇಲೆ ನಿನ್ ಕೈಲಾಗಾಕಿಲ್ಲ ಅಂತ ಅಣ್ಣ ಹೇಳ್ದಂಗೇ ಆಯ್ತದೆ. ನೀನೂ ಸುಳ್ಳಿ, ನಾನೂ ಸುಳ್ಳಿ..."

ಹೊಡೆದುಬಿಟ್ಟೆ. ಕೆನ್ನೆಗೆ. ನಾನು ಈ ಮನೆಗೆ ಬಂದಾಗ ಒಂಬತ್ತು ವರ್ಷದವಳು ಅವಳು. ನಮಗೆ ಮಕ್ಕಳಾಗಲಿಲ್ಲ. ನಾನು ಜಡೆ ಹಾಕಿ ಸ್ಕೂಲಿಗೆ ಕಳಿಸಿದ ಮಗು ಅಂದರೆ ಇವಳೊಬ್ಬಳೇ. ಒಂದು ದಿನ ಕೈ ಎತ್ತಿದವಳಲ್ಲ ನಾನು.

ಚಿಕ್ಕಯ್ಯ ಹಿಂದೆಯೇ ಬಂದು ಅವಳನ್ನು ಸೈಕಲ್ಲಿನ ಮೇಲೆ ಕೂರಿಸಿ ಮನೆ ತನಕ ತಳ್ಳಿಕೊಂಡು ಬಂದರು.

18 ಮಾರ್ಚ್, ಮಂಗಳವಾರ

ಇಷ್ಟು ದಿನ ಪುಸ್ತಕ ಮುಟ್ಟಲು ಮನಸ್ಸಾಗಲಿಲ್ಲ.

ಮತ್ತೆ ಎಕ್ಸ್-ರೇ ಆಯಿತು. ಬಿರುಕು ದೊಡ್ಡದಾಗಿಲ್ಲ. ಆದರೆ ಹೊಸದಾಗಿ ಕೂಡಿದ್ದ ಜಾಗ ನೊಂದಿದೆ. ಇನ್ನು ಮೂರು ವಾರ ಬೇಕು. ಸ್ನೇಹ ಬೈಯಲಿಲ್ಲ. "ನೀನಷ್ಟೇ ಅಲ್ಲ, ಸುಮಾರು ಜನ ಹಿಂಗೇ ಮಾಡ್ತಾರೆ. ಆದ್ರೆ ಅಲ್ಲಿ ಡಾಕ್ಟ್ರಿಗೆ ನಿಜ ಹೇಳ್ಬೇಕು, ಇಲ್ದಿದ್ರೆ ಅವ್ರು ಗ್ರೌಂಡಿಗೆ ಬಿಡ್ತಾರೆ, ಪೂರ್ತಿ ಮುರೀತದೆ" ಎಂದಳು. ಆ ಹುಡುಗಿಯ ಕೈಗೆ ಮುತ್ತು ಕೊಡಬೇಕು ಅನ್ನಿಸಿತು.

ಮನೆಗೆ ಬಂದು ರಂಜಿ ನನ್ನ ಸೆರಗು ಹಿಡಿದಳು. ಹೇಳಬೇಡ, ಹೇಗೋ ಸಂಭಾಳಿಸುತ್ತೇನೆ, ಓಡಿದ್ದು ಗೊತ್ತಾದರೆ ತೆಗೆದೇ ಹಾಕುತ್ತಾರೆ ಎಂದಳು. ನನಗೂ ಒಂದು ಗಳಿಗೆ ಮನಸ್ಸು ಆ ಕಡೆಗೇ ವಾಲಿತು. ಸುಳ್ಳಲ್ಲ.

ಇವರು ಬಾಗಿಲಲ್ಲಿ ನಿಂತಿದ್ದರು. ಎಷ್ಟು ಕೇಳಿಸಿಕೊಂಡಿದ್ದರೋ. ಬಂದು ಅವಳ ಮಂಚದ ತುದಿಗೆ ಕೂತರು — ಅವಳು ಬಂದ ಮೇಲೆ ಮೊದಲ ಸಲ.

"ಸುಳ್ಳೇಳಿ ಓಗಿದ್ದು ಸಾಕು ಕಣವ್ವ. ವಾಪಸ್ ಓಗಾಗಾದ್ರೂ ನಿಜ ಯೋಳಿ ಓಗು." ನೋಡಿದ್ದು ನನ್ನನ್ನು.

"ತೆಗ್ದಾಕ್ಬುಟ್ರೆ ಅಣ್ಣ?"

"ಕೇಳಾನ ತಡಿ. ನಂಬರ್ ಕೊಡು."

ಉಸ್ತಾದರಿಗೆ ಕನ್ನಡ ಬರುವುದಿಲ್ಲ, ಇವರಿಗೆ ಹಿಂದಿ ಬರುವುದಿಲ್ಲ. ಮಾಕವಳ್ಳಿಗೆ ಹೋಗಿ, ಫ್ಯಾಕ್ಟರಿ ಹತ್ತಿರದ ಒಬ್ಬ ಲಾರಿ ಡ್ರೈವರನ ಬಾಯಲ್ಲಿ ಹಿಂದಿ ಹೇಳಿಸಿ, ಕಬ್ಬಿನ ತೂಕದ ಚೀಟಿಯ ಹಿಂದೆ ಕನ್ನಡದಲ್ಲಿ ಬರೆದುಕೊಂಡು ಬಂದರು. ಸಂಜೆ ಅಂಗಳದಲ್ಲಿ ನಿಂತು ಫೋನು ಹಚ್ಚಿದರು. ಚಪ್ಪಲಿ ಬಿಟ್ಟು ನಿಂತಿದ್ದರು, ಸಾಹೇಬರ ಎದುರು ನಿಂತ ಹಾಗೆ.

"ನಮಸ್ತೆ ಸಾಬ್. ಮೈ ರಂಜಿತಾ ಕಾ ಬಡಾ ಭಾಯಿ." ಅಲ್ಲಿಂದ ಮುಂದೆ ಚೀಟಿ. ಓಡಿದ್ದು, ನೊಂದದ್ದು, ತಪ್ಪಾಯಿತು ಎಂಬುದು, ಎಲ್ಲ ಓದಿದರು. ಚೀಟಿ ಮುಗಿಯಿತು. ಇವರಿಗೆ ಏನನ್ನಿಸಿತೋ, ಕನ್ನಡದಲ್ಲೇ ಶುರು ಮಾಡಿಬಿಟ್ಟರು. "ಸಾಬ್, ನಾನೇ ಬ್ಯಾಡ ಅಂದೋನು. ಈಗ ನಾನೇ ಕೇಳ್ತಾ ಇವ್ನಿ. ಒಸಿ ದಿನ ಟೈಮ್ ಕೊಡಿ. ಮುಗಿಸ್ತಾಳೆ ಸಾಬ್ ಅವ್ಳು. ಮುಗಿಸ್ದೆ ಬುಡಾದಿಲ್ಲ." ರಂಜಿ ಒಳಗೆ ದಿಂಬಿಗೆ ಮುಖ ಒತ್ತಿಕೊಂಡಿದ್ದಳು.

ಫೋನು ಅವಳ ಕೈಗೆ ಬಂತು. ಉಸ್ತಾದರು ಅವಳನ್ನು ಐದು ನಿಮಿಷ ಚೆನ್ನಾಗಿ ಬೈದರಂತೆ. ಕೊನೆಗೆ, ನಿಜ ಹೇಳಿದ್ದು ಒಳ್ಳೆಯದಾಯಿತು, ಡಾಕ್ಟರಿಗೂ ಹೀಗೇ ಹೇಳು, ತೀರ್ಮಾನ ಅವರದು ಎಂದರಂತೆ.

20 ಮಾರ್ಚ್, ರಾತ್ರಿ 8

ಮೂವರೂ ಮಿಲಿಟರಿ ಆಸ್ಪತ್ರೆಗೆ ಹೋಗಿದ್ದೆವು. ಡಾಕ್ಟರ ರೂಮಿನಿಂದ ಅವಳು ಹೊರಗೆ ಬಂದದ್ದು ಮುಕ್ಕಾಲು ಗಂಟೆಯ ಮೇಲೆ. ಎಲ್ಲ ಹೇಳಿದಳಂತೆ, ಏರಿಯ ಮೇಲಿನ ನಾಲ್ಕು ದಿನವನ್ನೂ.

ತೆಗೆದಿಲ್ಲ! ಇನ್ನೂ ಮೂರು ವಾರ ರಜೆ. ಆಮೇಲೆ ಮೇ ತಿಂಗಳ ಹೊಸ ಬ್ಯಾಚಿನ ಜೊತೆ ಮೊದಲಿನಿಂದ ಶುರು. ಟ್ರೈನಿಂಗಿನ ಮೂರು ತಿಂಗಳು ನೀರಿಗೆ ಹೋಯಿತು, ಜೊತೆಯವರೆಲ್ಲ ಮುಂದೆ ಹೋದರು. ಅದಕ್ಕೆ ಅತ್ತಳು. ಇವರು ಕ್ಯಾಂಟೀನಿನಿಂದ ಮೂರು ಟೀ ತಂದು, "ಮೊದ್ಲಿಂದ ಅಲ್ವಾ, ಎರಡ್ನೇ ಸಲ ಸಲೀಸು ಆಯ್ತದೆ ಬುಡು" ಎಂದರು.

ಬಸ್ಸಿನಲ್ಲಿ ಹೊಡೆದದ್ದಕ್ಕೆ ಕ್ಷಮೆ ಕೇಳಿದೆ. ರಂಜಿ ನಕ್ಕಳು. "ಉಸ್ತಾದ್‌ಗಿಂತ ನಿನ್ ಕೈ ಹಗೂರ ಕಣತ್ಗೆ."

9 ಏಪ್ರಿಲ್, ಬುಧವಾರ

ನಾಳೆ ಹೊರಡುತ್ತಾಳೆ.

ಮೂಳೆ ಕೂಡಿದೆ ಎಂದು ಸ್ನೇಹ ಒಪ್ಪಿಗೆ ಕೊಟ್ಟ ಮೇಲೆ ಐದು ದಿನದಿಂದ ಕಬ್ಬು ಕಡಿದ ಹೊಲದ ಮೆತ್ತನೆ ದಾರಿಯಲ್ಲಿ ಅಭ್ಯಾಸ. ಮೂರು ನಿಮಿಷ ನಡಿಗೆ, ಒಂದು ನಿಮಿಷ ನಿಧಾನ ಓಟ. ಟೈಮು ನೋಡುವವರು ಇವರು. ಮೊಬೈಲು ಹಿಡಿದು ಪಕ್ಕದಲ್ಲೇ ಓಡುತ್ತಾರೆ, ಲುಂಗಿ ಎತ್ತಿಕಟ್ಟಿ. ಒಂದು ನಿಮಿಷಕ್ಕೇ ಏದುಸಿರು. "ಸಾಕು ನಿಲ್ಸು! ನಿಲ್ಸೇ ಅಂದ್ರೆ!" ಅವಳು ಇನ್ನೊಂದು ಹತ್ತು ಹೆಜ್ಜೆ ಓಡಿ ನಿಲ್ಲುತ್ತಾಳೆ. ಬೈಗುಳ. ಮತ್ತೆ ನಡಿಗೆ. ಇವರಿಬ್ಬರನ್ನು ಹೊಲದ ಬದುವಿನ ಮೇಲೆ ಕೂತು ನೋಡುವುದು ನನ್ನ ಕೆಲಸ. ಇದಕ್ಕಿಂತ ಒಳ್ಳೆ ಕೆಲಸ ನನಗೆ ಯಾರೂ ಕೊಟ್ಟಿಲ್ಲ.

ಒಂಬತ್ತು ವಾರ ಅವಳು ಮನೆಯಲ್ಲಿದ್ದಳು. ಆ ಬಿರುಕು ಇಲ್ಲದಿದ್ದರೆ ಅಣ್ಣ ತಂಗಿ ಇನ್ನೆಷ್ಟು ವರ್ಷ ಮಾತು ಬಿಡುತ್ತಿದ್ದರೋ. ಮೂಳೆ ಮುರಿದದ್ದಕ್ಕೆ ದೇವರಿಗೆ ಕೈ ಮುಗಿದರೆ ತಪ್ಪಾಗುತ್ತದೆ. ಮುಗಿಯುವುದಿಲ್ಲ. ಕೂಡಿದ್ದಕ್ಕೆ ಮುಗಿಯುತ್ತೇನೆ.

15 ಜೂನ್, ಭಾನುವಾರ, ಸಂಜೆ 4.20

ಅಡುಗೆಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ನಿನ್ನೆ ಅವಳ ಹೊಸ ಬ್ಯಾಚಿಗೆ ಓಟದ ಮೊದಲ ಟೆಸ್ಟು ಇತ್ತು. ಈಗ ತಾನೇ ಫೋನು ಬಂತು. ಎತ್ತಿದವಳು ನಾನು. ಎರಡು ತಿಂಗಳಿಂದ ಪ್ರತಿ ಭಾನುವಾರ ನನ್ನ ಹತ್ತಿರವೇ ಮೊದಲು ಮಾತಾಡುವುದು. ಇವತ್ತು, "ಅತ್ಗೆ, ಬೇಜಾರ್ ಮಾಡ್ಕೊಬ್ಯಾಡ, ಮೊದ್ಲು ಅಣ್ಣಂಗೆ ಕೊಡು" ಅಂದಳು.

ಧ್ವನಿಯಿಂದ ಏನೂ ಗೊತ್ತಾಗಲಿಲ್ಲ. ಕೊಟ್ಟೆ. ಬೇಜಾರು ಒಂದಿಷ್ಟು ಆಯಿತು, ಬರೆಯುವುದಕ್ಕೇನು ನಾಚಿಕೆ.

ಇವರು ಫೋನು ಕಿವಿಗಿಟ್ಟುಕೊಂಡು ಅಂಗಳದ ತುದಿಗೆ ಹೋದರು. ಬೆನ್ನು ಮಾತ್ರ ಕಾಣುತ್ತಿದೆ. ಹೂಂ, ಹೂಂ ಅನ್ನುತ್ತಿದ್ದಾರೆ. ಅತ್ತೆ ಜಗುಲಿಯಿಂದ ಕೂಗಿ ಕೇಳುತ್ತಿದ್ದಾರೆ, "ಏನಂತ್ಲಾ? ಏನಂತೆ ಮಗ?" ಇವರು ಕೈ ಎತ್ತಿ, ತಡಿ ಅಂದರು.

ಈಗ ತಲೆ ಬಗ್ಗಿಸಿ ನಿಂತಿದ್ದಾರೆ... ಭುಜ ಅಲುಗುತ್ತಿದೆ. ಅಳುತ್ತಿದ್ದಾರಾ? ಅಯ್ಯೋ —

ಇಲ್ಲ. ನಗು. ದೊಡ್ಡ ನಗು. "ಪಾಸಾ? ಎಲ್ಲಾರ್‌ಗಿಂತ ಮುಂದಾ? ಓ, ಎರಡ್ನೇವ್ಳಾ! ಕಾಲು? ಕಾಲ್ ಎಂಗೈತೆ ಅದ ಯೋಳು ಮೊದ್ಲು —"

ನನ್ನನ್ನು ಕೂಗುತ್ತಾ ಓಡಿ ಬರುತ್ತಿದ್ದಾರೆ, ಪ್ರಮೀ, ಪ್ರಮೀ ಎಂದು, ಇಡೀ ಬೀದಿಗೆ ಕೇಳುವ ಹಾಗೆ. ನಾನು ಈ ಪೆನ್ನು —