ತಲೆಯಿಲ್ಲದವನಿಗೆ ಬಡಿಸಿದ ರೊಟ್ಟಿ

ಶ್ರೀಮನ್ಮಹಾ ದೇವಾಪುರವರಾಧೀಶ್ವರ, ಮಿಲಿಟರಿ ಲಾರಿಯ ಸಾರಥಿ ಸಾರ್ವಭೌಮ, ಏಕೈಕ ಕಾದಂಬರಿಯ ಕರ್ತೃ, ಸುರಪುರ ಬಸ್ ಸ್ಟ್ಯಾಂಡಿನ ಚಹಾದಂಗಡಿಯ ಕಾಯಂ ಸಭಾಧ್ಯಕ್ಷ, ಹಾಲಿ ಕೈಲಾಸವಾಸಿಗಳಾದ ನನ್ನ ಕಾಕಾನವರ ಸನ್ನಿಧಾನಕ್ಕೆ, ಅಣ್ಣನ ಮಗನಾದ ಈ ಪಾಮರನು ಸಾಷ್ಟಾಂಗ ಬಿದ್ದು ಸಲ್ಲಿಸುವ ದೂರು ಏನೆಂದರೆ, ನಿನ್ನ ಕಾದಂಬರಿಯನ್ನು ಸಿನಿಮಾ ಮಾಡಿದ್ದಾರೆ. ಮಾಡಿ ಕೆಡಿಸಿದ್ದಾರೆ.

ಯುದ್ಧ ಮುಗಿಸಿ ಮನೆಗೆ ಬಂದ ಸೈನಿಕನಿಗೆ ಹೆಂಡತಿ ರೊಟ್ಟಿ ಬಡಿಸುವಲ್ಲಿಗೆ ನೀನು ಪುಸ್ತಕ ಮುಗಿಸಿದ್ದು ನೆನಪಿದೆಯೇ? ಉಂಡ, ಮಲಗಿದ, ಅಷ್ಟೇ. ಮುಂದೇನಾಯಿತು ಎಂದು ಕೇಳಿದರೆ, "ಮುಂದೇನ್ ಆಗ್ತದಲೇ, ಮುಂಜಾನಿ ಆಗ್ತದ" ಎಂದಿದ್ದೆ. ನಿರ್ದೇಶಕ ಮಹಾಶಯನಿಗೆ ಅಷ್ಟು ಸಾಲಲಿಲ್ಲ. ಅವನ ಸೈನಿಕ ತಲೆಯಿಲ್ಲದೆ ಮನೆಗೆ ಬರುತ್ತಾನೆ. ಬೂಟು ಬಿಚ್ಚಿ, ಕಾಲು ತೊಳೆದು, ಊಟಕ್ಕೆ ಕೂಡುತ್ತಾನೆ. ಮನೆಯಲ್ಲಿ ಯಾರೂ ಏನೂ ಕೇಳುವುದಿಲ್ಲ. ಹೆಂಡತಿ ತುತ್ತು ಮಾಡಿ ಕುತ್ತಿಗೆಯ ಮೇಲಿಡುತ್ತಾಳೆ. ಅದು ಜಾರಿ ಬೀಳುತ್ತದೆ. ಮತ್ತೆ ಇಡುತ್ತಾಳೆ. ಹೊರಗೆ ಜೋಳದ ಹೊಲದಲ್ಲಿ ತೆನೆಯ ಬದಲು ಹೆಲ್ಮೆಟ್ಟುಗಳು ತೂಗುತ್ತಿರುತ್ತವೆ. ಇದಕ್ಕೆ ಕಲೆ ಅನ್ನಬೇಕಂತೆ.

ಮೊದಲ ದಿನ ಶಹಾಪುರದ ಟಾಕೀಸಿನಲ್ಲಿ ನೀನಿರಬೇಕಿತ್ತು. ಕೂಸು ಕಿರುಚಿತೆಂದು ಒಬ್ಬಾಕೆ ಎದ್ದು ಹೋದಳು. ನಮ್ಮೂರಿನ ಕುರಿಗಾರ ಮಾಳಪ್ಪ ಕತ್ತಲಲ್ಲೇ ನಿಂತು, "ತಲೀನ ಇಲ್ಲಂದ್ರ ಅವಂಗ ರೊಟ್ಟಿ ಯಾಕ ಬೇಕ್ರಿ" ಎಂದು ಪರದೆಯನ್ನೇ ಕೇಳಿದ. ಯಾದಗಿರಿಯಿಂದ ಬಂದಿದ್ದ ಕಾಲೇಜಿನ ಮೇಷ್ಟ್ರುಗಳು ಕಣ್ಣೊರೆಸಿಕೊಳ್ಳುತ್ತಲೇ ಅವನನ್ನು ಗದರಿಸಿದರು. ಆಟ ಬಿಟ್ಟಮೇಲೆ ಬಾಗಿಲಲ್ಲೇ ಎರಡು ಪಾರ್ಟಿ. ಇದು ಸೈನಿಕರಿಗೆ ಮಾಡಿದ ಅವಮಾನ ಎಂದು ಒಂದು, ಯುದ್ಧ ಇರುವುದೇ ಹೀಗೆ ಎಂದು ಇನ್ನೊಂದು. ಮೊದಲನೆಯದಕ್ಕೆ ಮುಖಂಡ ಯಾರೆಂದು ಬೇರೆ ಹೇಳಬೇಕೇ? ಬೆಂಚು ಹತ್ತಿ, ನಮ್ಮ ಕಾಕಾ ತಲೆಸಮೇತ ಬಂದಿದ್ದಾನೆ, ನಾನೇ ಸಾಕ್ಷಿ ಎಂದು ಗರ್ಜಿಸಿದೆ. ನಾನಾಗ ಹುಟ್ಟಿದ್ದೆನೇ ಎಂದು ಯಾರೂ ಕೇಳಲಿಲ್ಲ.

ಆದರೆ ನನಗಿದ್ದ ಭಯ ಒಂದೇ. ಪುಸ್ತಕದಲ್ಲಿ ರೊಟ್ಟಿ ಬಡಿಸಿದವಳು ನಿನ್ನ ಹೆಂಡತಿ, ನಮ್ಮ ಚಿಗವ್ವ ಎಂದು ಊರಿಗೆಲ್ಲ ಗೊತ್ತು. ಗಂಡನನ್ನು ಕಳೆದುಕೊಂಡು ಇನ್ನೂ ವರ್ಷ ತುಂಬದ ಆಕೆ, ತನ್ನ ಗಂಡನ ಬರಿ ಮುಂಡವನ್ನು ಪರದೆಯ ಮೇಲೆ ನೋಡಿದರೆ... ಮಷೀನು ಕೆಟ್ಟಿದೆ ಎಂದೆ, ಟಾಕೀಸು ಮುಚ್ಚಿದೆ ಎಂದೆ, ಬಸ್ಸೇ ನಿಂತಿದೆ ಎಂದೆ. ನಾನು ಹೇಳಿದ್ದನ್ನು ಚಿಗವ್ವ ಯಾವತ್ತು ನಂಬಿದ್ದಾಳೆ? ಮಾಳಪ್ಪನ ಹೆಂಡತಿಯನ್ನು ಜತೆ ಮಾಡಿಕೊಂಡು ಮಧ್ಯಾಹ್ನದ ಆಟಕ್ಕೆ ಬಂದೇಬಿಟ್ಟಳು. ನಾನು ಹಿಂದಿನ ಸಾಲಿನಲ್ಲಿ ಕೂತೆ.

ನೀನು ಊಟಕ್ಕೆ ಕೂತಾಗಲೆಲ್ಲ ಮೊದಲ ತುತ್ತನ್ನು ಪುಂಡಿಪಲ್ಯಕ್ಕೆ ಒತ್ತಿ, ಹೆಬ್ಬೆರಳಿನಿಂದ ತಾಟಿನ ಅಂಚಿಗೆ ಸರಿಸಿ ಇಡುತ್ತಿದ್ದೆ. ಉಂಡಮೇಲೆ ಅಂಗಳಕ್ಕೆ ಒಯ್ಯುತ್ತಿದ್ದೆ. ಗುಬ್ಬಿಗೆ ಎನ್ನುತ್ತಿದ್ದೆ. ನಾನದನ್ನು ಅಣಕಿಸಿ ಮನೆಮಂದಿಯನ್ನು ನಗಿಸುತ್ತಿದ್ದರೆ ನೀನೂ ನಗುತ್ತಿದ್ದೆ. ಪುಸ್ತಕದಲ್ಲಿ ಎಲ್ಲಿಯೂ ಅದಿಲ್ಲ. ಪರದೆಯ ಮೇಲೆ ತಲೆಯಿಲ್ಲದವನು ರೊಟ್ಟಿ ಮುರಿದು, ಪಲ್ಯಕ್ಕೆ ಒತ್ತಿ, ಹೆಬ್ಬೆರಳಿನಿಂದ ತಾಟಿನ ಅಂಚಿಗೆ ಸರಿಸಿದ. ಚಿಗವ್ವ ಮುಂದಿನ ಕುರ್ಚಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಹೊರಗೆ ಬಂದಮೇಲೆ ನಿರ್ದೇಶಕನ ಏಳು ತಲೆಮಾರನ್ನು ಜಾಲಾಡಲು ನಾನು ಬಾಯಿ ತೆರೆದಿದ್ದೆ. ಆಕೆ ತಡೆದಳು.

"ಸುಮ್ನಿರು ತಮ್ಮಾ. ನಿಮ್ಮ ಕಾಕಾ ಹಂಗಽ ಬಂದಿದ್ರು. ತಲಿ ಅಲ್ಲೇ ಬಿಟ್ಟು ಬರೇ ಮೈ ತಂದಿದ್ರು. ಎಷ್ಟೋ ದಿನ ನಾ ಆ ಮೈಗಿ ಉಣಿಸೀನಿ. ಪುಸ್ತಕದಾಗ ಅದನ್ನ ಬರೀಲಿಲ್ಲ ನೋಡು."

ಆಮೇಲೆ ಸೆರಗು ಸರಿಮಾಡಿಕೊಂಡು ಕೇಳಿದಳು. "ಆ ತುತ್ತು ಗುಬ್ಬಿಗಲ್ಲ. ಯುದ್ಧದಾಗ ಲಾರ್ಯಾಗ ಇವರ ಬಾಜೂಕ ಕುಂತು ಸತ್ತಾಂವಗ. ನನಗಷ್ಟೇ ಹೇಳಿದ್ರು. ಈ ಸಿನಿಮಾದವರಿಗಿ ಯಾರು ಹೇಳ್ಯಾರ?"

ನಾನು ಬಸ್ಸು ಬಂತೇ ಎಂದು ನೋಡತೊಡಗಿದೆ. ಕಾಕಾ, ನಾನು ಅಷ್ಟು ವರ್ಷ ಅಣಕಿಸುವಾಗ ನೀನು ಹೇಗೆ ನಗುತ್ತಿದ್ದೆ?

ಆಕೆಗೆ ಈಗ ಇನ್ನೊಮ್ಮೆ ನೋಡಬೇಕಂತೆ, ನಾನೇ ಕರೆದುಕೊಂಡು ಹೋಗಬೇಕಂತೆ. ನಮ್ಮ ಪಾರ್ಟಿಯವರು ನಾಳೆ ಸುರಪುರದಲ್ಲಿ ನನ್ನ ಭಾಷಣ ಇಟ್ಟಿದ್ದಾರೆ. ಎರಡಕ್ಕೂ ಹೋಗುತ್ತೇನೆ. ಆ ಸಿನಿಮಾವನ್ನು ನಾನು ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ. ಹೆಲ್ಮೆಟ್ಟಿನ ತೆನೆಯಂತೆ, ಮಣ್ಣಂತೆ.

ಕೊನೆಗೊಂದು ಸಣ್ಣ ಮಾತು, ನಿನ್ನಲ್ಲೇ ಇರಲಿ. ನಾರಾಯಣಪುರದ ಹಳೇ ಕ್ವಾರ್ಟರ್ಸಿನಲ್ಲಿ ಶೂಟಿಂಗ್ ನಡೆದಾಗ ಅವರಿಗೊಂದು ತೆಳ್ಳನೆಯ ಮೈ ಬೇಕಾಗಿತ್ತು. ಆಮೇಲೆ ತಲೆ ಅಳಿಸಲು ಬರಲೆಂದು ನನ್ನ ತಲೆಗೆ ಹಸಿರು ಬಟ್ಟೆ ಸುತ್ತಿ, ರೊಟ್ಟಿಯ ಮುಂದೆ ಕೂಡಿಸಿ, ಸುಮ್ಮನೆ ಉಣ್ಣುವವನ ಹಾಗೆ ಮಾಡು ಎಂದರು. ಯಾರಾದರೂ ನಗಲಿ ಎಂದು ನಿನ್ನನ್ನು ಅಣಕಿಸಿದೆ. ಅಲ್ಲಿ ಯಾರೂ ನಗಲಿಲ್ಲ. ಚಿಗವ್ವನಿಗೆ ಇನ್ನೂ ಹೇಳಿಲ್ಲ. ಇಷ್ಟು ದೊಡ್ಡ ಸಿನಿಮಾದಲ್ಲಿ ನನ್ನ ಮುಖ ಒಂದು ಸಲವೂ ಕಾಣಲಿಲ್ಲ ಎಂಬುದೇ, ನಿಜ ಹೇಳಬೇಕೆಂದರೆ, ನನ್ನ ಮೂಲ ತಕರಾರು.