ಗೌಸ್ ಸಾಹೇಬರ ಬೋರ್ಡು

ಸಾಹೇಬ್ರೇ,

ನೀವು ತೀರಿಕೊಂಡು ಎಂಟು ತಿಂಗಳಾದರೂ, ಸಂಜೆ ನಿಮಗೆ ವರದಿ ಒಪ್ಪಿಸುವ ಅಭ್ಯಾಸ ನನಗೆ ಹೋಗಿಲ್ಲ.

ಇವತ್ತು ಕಾಮಾಕ್ಷಿಪಾಳ್ಯದ ನಮ್ಮ ಬ್ರಷ್ ಕಾರ್ಖಾನೆ ನೋಡಲು ವಿದೇಶದ ಅಜ್ಜಿಯೊಬ್ಬರು ಬಂದಿದ್ದರು. ಅವರ ತಾತ ಯಹೂದಿ. ಎರಡನೇ ಮಹಾಯುದ್ಧಕ್ಕೆ ಮುಂಚೆ ಲಿಥುವೇನಿಯಾ ದೇಶದ ಒಂದು ಊರಿನಲ್ಲಿ ಬ್ರಷ್ ಕಾರ್ಖಾನೆ ನಡೆಸುತ್ತಿದ್ದರಂತೆ. ಫೋಟೋ ತೋರಿಸಿದರು. ಅದರಲ್ಲಿದ್ದ ಕೆಲಸದ ಹೆಂಗಸರು ಬ್ರಷ್ಷಿನ ಎಳೆ ಬಿಗಿಯುವ ತಂತಿ ಕೊಯ್ಯದಂತೆ ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದರು, ನನ್ನ ಹಾಗೆಯೇ. ಬಾಗಿಲ ಮೇಲೆ ತಾತನ ಹೆಸರಿನ ದೊಡ್ಡ ಬೋರ್ಡಿತ್ತು.

“ಆ ಬೋರ್ಡು ಈಗೆಲ್ಲಿದೆ?” ಎಂದು ಕೇಳಿದೆ.

ಅಜ್ಜಿಯ ಉತ್ತರವನ್ನು ಜೊತೆಗಿದ್ದ ಹುಡುಗಿ ಕನ್ನಡದಲ್ಲಿ ಹೇಳಿದಳು. “ಯುದ್ಧದ ಟೈಮಲ್ಲಿ ಆ ಊರಿನ ಯಹೂದಿಗಳನ್ನೆಲ್ಲ ಕೊಂದ್ಬಿಟ್ರಂತೆ. ಬೋರ್ಡಿರಲಿ, ಈಗ ಅಲ್ಲಿ ತಾತನ ಹೆಸರು ಗೊತ್ತಿರೋರೂ ಇಲ್ವಂತೆ.”

ಅವರು ಹೋದ ಮೇಲೆ ಮೂಟೆಗಳ ಹಿಂದಿದ್ದ ನಿಮ್ಮ ಹೆಸರಿನ ಬೋರ್ಡು ಎಳೆದು ಒರೆಸಿದೆ. ಹೋದ ವರ್ಷ ಅಂಗಡಿಯವರು, ಈ ಹೆಸರಿದ್ದರೆ ಮಾಲು ಬೇಡ ಎಂದಾಗ, ನೀವೇ ಹತ್ತಿ ಅದನ್ನು ಇಳಿಸಿದ್ದಿರಿ. ಅವತ್ತು ಏಣಿ ಹಿಡಿದು ನಿಂತಿದ್ದವಳು ನಾನು. ಇಳಿಸಿದ ಬೋರ್ಡನ್ನು ಮೂಟೆಗಳ ಹಿಂದೆ ಇಟ್ಟವಳೂ ನಾನೇ.

ನಾನು ಬಾಗಿಲಿಗೆ ಏಣಿ ಒರಗಿಸುವಾಗ ನಿಮ್ಮ ಮಗ ಇಮ್ತಿಯಾಜಣ್ಣ ಓಡಿ ಬಂದರು. “ಬೇಡ ಕಣಮ್ಮ, ಇರೋ ಆರ್ಡರೂ ಹೋಗ್ತವೆ.”

“ಹೋದ್ರೆ ಬೇರೆ ಹುಡುಕೋಣ ಅಣ್ಣ. ಈ ಸಲ ನಾನ್ ಹತ್ತೀನಿ, ನೀವು ಏಣಿ ಹಿಡ್ಕೊಳ್ಳಿ.”

ಅಣ್ಣ ರಸ್ತೆಯ ಕಡೆ ಒಮ್ಮೆ ನೋಡಿದರು. ಆಮೇಲೆ ಏಣಿ ಹಿಡಿದುಕೊಂಡರು.

ನಾಲ್ಕು ಮೊಳೆ ಸಾಕಾಗಿತ್ತು ಸಾಹೇಬ್ರೇ. ಎಂಟು ಹೊಡೆದಿದ್ದೇನೆ.

ನಿಮ್ಮ ನೀಲಾಂಬಿಕಾ